ಅಲಸಂದೆಗೆ ತಾರೀಖು ತಿಳಿಯುವುದಿಲ್ಲ

ಹಿರೇಗುತ್ತಿ
ತಾ. ೧೨-೧-೧೯೬೪

ತಮ್ಮ ದೇವಪ್ಪನಿಗೆ ಅಕ್ಕ ಸಣ್ಣಮ್ಮನ ಆಶೀರ್ವಾದ.

ಕ್ಷೇಮ ಎಂದು ಬರೆಯುವ ಪದ್ಧತಿ, ಹಾಗಾಗಿ ಕ್ಷೇಮ. ತೋಟದ ಸಂಗತಿ ಮಾತ್ರ ಕ್ಷೇಮವಲ್ಲ.

ಭತ್ತ ಕೊಯ್ದ ಗದ್ದೆಯಲ್ಲಿ ಈ ವರ್ಷ ಎಂದಿಗಿಂತ ಹೆಚ್ಚು ಸಾಲು ಹೊಡೆಸಿದ್ದೇನೆ. ಅಲಸಂದೆ, ಬದನೆ, ಬೆಂಡೆ, ಮೊಗೆಕಾಯಿ ಎಲ್ಲ ಇದೆ. ಹರಿವೆ ಬೀಜ ಆಮೇಲೆ ಚೆಲ್ಲುತ್ತೇನೆ. ಯಾಕೆ ಎಂದು ನಿನಗೆ ಗೊತ್ತು. ಮಾರ್ಚ್ ಹದಿನೈದಕ್ಕೆ ಮಗಳು ದುರ್ಗಿಯ ಮದುವೆ ಎಂದು ಮಾವಳ್ಳಿಯ ಗಂಡಿನ ಮನೆಯಲ್ಲಿ ಕೂತು ಮಾತು ಮುಗಿಸಿ ಬಂದವನು ನೀನೇ. ಆ ದಿನ ಎಲೆಯ ಮೇಲೆ ಬೀಳುವ ಒಂದೊಂದು ಕಾಯಿಯೂ ನಮ್ಮ ಮಣ್ಣಿನದೇ ಆಗಬೇಕು. ಇದು ನನ್ನ ಹಟ ಎಂದೇ ಇಟ್ಟುಕೋ.

ಆದರೆ ಈ ಹವೆಗೆ ಏನು ಹೇಳುವುದು? ಚಳಿ ಬೀಳಬೇಕಾದ ಹೊತ್ತಿಗೆ ಮೋಡ. ಬೆಳಿಗ್ಗೆ ಎದ್ದರೆ ಹೊಳೆಯ ಕಡೆಯಿಂದ ಮಂಜು ಬಂದು ಬೇಲಿಯೇ ಕಾಣುವುದಿಲ್ಲ, ಮಧ್ಯಾಹ್ನ ಬೆನ್ನು ಸುಡುವ ಬಿಸಿಲು. ಅಲಸಂದೆಯ ಕುಡಿಗೆ ಕರಿ ಹೇನು ಹತ್ತಿದೆ. ನಿನ್ನ ಭಾವನಿಗೆ ಹೇಳಿದರೆ "ಆತು, ನೋಡ್ವ" ಎನ್ನುತ್ತಾರೆ. ಮದುವೆಯಾದ ದಿನದಿಂದ ಅವರು ಎಲ್ಲವನ್ನೂ ನೋಡುತ್ತಲೇ ಇದ್ದಾರೆ.

ಹುಡುಗ ಸುಬ್ಬನ ಬಗ್ಗೆ ನನಗೆ ದೂರಿಲ್ಲ. ಹೆಣ್ಣು ನೋಡಲು ಬಂದಾಗ ಹಿರಿಯರ ಎದುರು ಬಾಯಿ ಬಿಡದೆ ಕೂತಿದ್ದ. ಹೊರಡುವಾಗ ಬದನೆ ಸಾಲಿನ ಹತ್ತಿರ ನಿಂತು ದುರ್ಗಿಯನ್ನು ಏನೋ ಕೇಳಿದ. ಏನು ಎಂದು ಅವಳು ಇವತ್ತಿನವರೆಗೂ ಹೇಳಿಲ್ಲ. ಹೊನ್ನಾವರದ ಮರದ ಮಿಲ್ಲಿನ ಕೆಲಸ ಗಟ್ಟಿ ತಾನೇ? ಮತ್ತೆ ತಾರೀಖು ಗಟ್ಟಿಯೇ? ಎರಡನ್ನೂ ಖಚಿತ ಮಾಡಿ ಬರೆ. ಬಿತ್ತಿದ್ದೆಲ್ಲ ಆ ತಾರೀಖಿನ ಮೇಲೆಯೇ.

ಅಕ್ಕ

•

ಭಟ್ಕಳ
ತಾ. ೨೫-೧-೧೯೬೪

ಅಕ್ಕನಿಗೆ ದೇವಪ್ಪನ ನಮಸ್ಕಾರಗಳು.

ನಿನ್ನ ಕಾಗದ ಮುಟ್ಟಿತು. ಕಳೆದ ರವಿವಾರ ಮಾವಳ್ಳಿಗೆ ಹೋಗಿದ್ದೆ. ಹುಡುಗನ ತಂದೆ ಕುಪ್ಪ ಗೌಡರೂ ತಾಯಿ ಗಣಪಿಯೂ ಬಹಳ ಉಪಚಾರ ಮಾಡಿದರು. ತಾರೀಖಿನಲ್ಲಿ ಬದಲಿಲ್ಲ. ಸುಬ್ಬನ ಕೆಲಸವೂ ಗಟ್ಟಿ. ಮರದ ದಿಮ್ಮಿಯನ್ನು ಗರಗಸಕ್ಕೆ ಕೊಡುವ ಕೆಲಸದಲ್ಲಿ ಅವನಷ್ಟು ಚುರುಕಿನವನಿಲ್ಲ ಎಂದು ಮಿಲ್ಲಿನವರೇ ಹೇಳುತ್ತಾರಂತೆ.

ಹವೆಯ ಬಗ್ಗೆ ಚಿಂತೆ ಬೇಡ. ನಮ್ಮ ಕಚೇರಿಯ ಪಕ್ಕದ ಹೋಟೆಲಿನಲ್ಲಿ ರೇಡಿಯೋ ಇದೆ. ಕರಾವಳಿಯಲ್ಲಿ ಒಣಹವೆ ಮುಂದುವರಿಯುತ್ತದೆ ಎಂದು ದಿನವೂ ಹೇಳುತ್ತಿದ್ದಾರೆ. ಹೇನಿಗೆ ಬೂದಿ ಎರಚು ಎಂದು ಬಂಗಾರಿ ಹೇಳಿದಳು. ನನ್ನ ಹೆಂಡತಿಗೆ ತೋಟವಿಲ್ಲದಿದ್ದರೂ ತೋಟದ ಬುದ್ಧಿವಾದಕ್ಕೆ ಕೊರತೆಯಿಲ್ಲ.

ಒಂದು ವೇಳೆ ಕಾಯಿಪಲ್ಯ ಕಡಿಮೆಬಿದ್ದರೆ ಕುಮಟೆಯ ಸಂತೆ ಇದ್ದೇ ಇದೆ. ಒಂದು ಗಾಡಿ ತರಿಸಿದರಾಯಿತು. ಇಷ್ಟಕ್ಕೆಲ್ಲ ಮೈ ಹಣ್ಣು ಮಾಡಿಕೊಳ್ಳಬೇಡ.

ನಿನ್ನ ತಮ್ಮ
ದೇವಪ್ಪ

•

ಹಿರೇಗುತ್ತಿ
ತಾ. ೯-೨-೧೯೬೪

ದೇವಪ್ಪ,

ನಿನ್ನ ರೇಡಿಯೋದ ಒಣಹವೆ ಇಲ್ಲಿಗೆ ಬಂದಿಲ್ಲ. ಬಂಗಾರಿಯ ಬೂದಿಗಿಂತ ಮೊದಲೇ ನಾನು ಬೂದಿ ಎರಚಿಯಾಗಿತ್ತು. ಎರಚಿದ ಸಂಜೆಯೇ ಹನಿ ಬಿದ್ದು ತೊಳೆದುಹೋಯಿತು. ಮತ್ತೆ ಎರಚಿದೆ. ಮತ್ತೆ ಹನಿ. ಮೂರನೆಯ ಸಲ ಎರಚುವಾಗ ದುರ್ಗಿ ನಗುತ್ತಾಳೆ, ಮೋಡ ನನ್ನ ಕೈಯ ಬುಟ್ಟಿಯನ್ನೇ ಕಾಯುತ್ತಿದೆ ಎಂದು. ಅಂತೂ ಹೇನು ಬಿಟ್ಟಿದೆ, ಹೂ ಹಿಡಿದಿದೆ. ಎರಡು ಹೊತ್ತು ಏತ ಎಳೆದು ನೀರು ಹಾಯಿಸುತ್ತಿದ್ದೇವೆ.

ಕುಮಟೆಯ ಸಂತೆ ಎಂದು ಇನ್ನೊಮ್ಮೆ ಬರೆಯಬೇಡ. ನನ್ನ ಮದುವೆಯಾದಾಗ ನೀನು ತೊಟ್ಟಿಲಲ್ಲಿದ್ದೆ. ಲಡಾಯಿಯ ಕಾಲ, ರೇಶನ್ನಿನ ಅಕ್ಕಿ. ಅವ್ವ ಕೇರಿಯ ಮನೆಮನೆಗೆ ಹೋಗಿ ಒಬ್ಬರಲ್ಲಿ ಸೋರೆಕಾಯಿ, ಇನ್ನೊಬ್ಬರಲ್ಲಿ ಕೆಸುವಿನ ಗಡ್ಡೆ ಕೇಳಿ ತಂದಿದ್ದಳು. ನನ್ನ ಅತ್ತೆಮನೆಯವರು ಎಲೆಯ ಮುಂದೆ ಕೂತು, ಈ ಕಾಯಿ ಯಾರ ಮನೆಯದು, ಆ ಗಡ್ಡೆ ಯಾರ ಮನೆಯದು ಎಂದು ಒಬ್ಬರಿಗೊಬ್ಬರು ಕೇಳಿಕೊಂಡು ನಕ್ಕರು. ಅವ್ವ ಸೌಟು ಹಿಡಿದು ಅಲ್ಲೇ ನಿಂತಿದ್ದಳು. ಆಮೇಲೆ ಎಷ್ಟೋ ವರ್ಷ ಆ ಮಾತು ಮನೆಯಲ್ಲಿ ಬರುತ್ತಲೇ ಇತ್ತು. ನಿನಗೆ ಇದು ಯಾರೂ ಹೇಳಿರಲಿಕ್ಕಿಲ್ಲ. ಈಗ ನಾನು ಹೇಳಿದ್ದೇನೆ. ಇನ್ನು ಸಂತೆಯ ಸುದ್ದಿ ಬೇಡ.

ಅಕ್ಕ

•

ಭಟ್ಕಳ
ತಾ. ೨೨-೨-೧೯೬೪

ಅಕ್ಕನಿಗೆ ನಮಸ್ಕಾರ.

ಒಂದು ಸಣ್ಣ ಬದಲಾವಣೆಯಾಗಿದೆ. ಸಿಟ್ಟು ಮಾಡಬೇಡ. ಮಾವಳ್ಳಿಯವರು ಮದುವೆಯನ್ನು ಯುಗಾದಿ ಕಳೆದ ಮೇಲೆ, ಏಪ್ರಿಲ್ ಮೂರನೆಯ ವಾರಕ್ಕೆ ಇಟ್ಟುಕೊಳ್ಳೋಣ ಎನ್ನುತ್ತಾರೆ. ಅವರ ಮನೆಯಲ್ಲಿ ತುಸು ಅಡಚಣೆ. ಪಂಚಾಂಗದಲ್ಲಿಯೂ ಆ ವಾರ ಒಳ್ಳೆಯದಿದೆಯಂತೆ. ನಾನು ಒಪ್ಪಿಬಿಟ್ಟೆ.

ಬೇರೆ ಏನೂ ವಿಶೇಷವಿಲ್ಲ. ದುರ್ಗಿಗೆ ಬಂಗಾರಿ ಒಂದು ಸೀರೆ ತೆಗೆದಿಟ್ಟಿದ್ದಾಳೆ. ಭಾವನಿಗೆ ನಮಸ್ಕಾರ ಹೇಳು.

ದೇವಪ್ಪ

•

ಹಿರೇಗುತ್ತಿ
ತಾ. ೨-೩-೧೯೬೪

ದೇವಪ್ಪ,

ಸಣ್ಣ ಬದಲಾವಣೆ ಎಂದು ಬರೆದಿದ್ದೀಯಲ್ಲ, ಬಂದು ಈ ತೋಟಕ್ಕೂ ಅದನ್ನು ಹೇಳಿ ಹೋಗು. ಅಲಸಂದೆಗೆ ತಾರೀಖು ತಿಳಿಯುವುದಿಲ್ಲ. ಅದು ಕಾಯಿ ಬಿಡುವ ದಿನ ಕಾಯಿ ಬಿಡುತ್ತದೆ. ಇಷ್ಟು ದಿನ ಮಂಜು, ಹೇನು, ಹನಿ ಎಲ್ಲ ದಾಟಿ ಈಗ ಮೊಳದುದ್ದ ಕಾಯಿ ಜೋತುಬಿದ್ದಿದೆ. ಬದನೆ ಗೊಂಚಲು ಗೊಂಚಲು. ಮದುವೆಯ ದಿನಕ್ಕೆ ಸರಿಯಾಗಿ ತಂದು ನಿಲ್ಲಿಸಿದ್ದೆ. ಈಗ ಮದುವೆಯೇ ಇಲ್ಲ.

ಮೊಗೆಕಾಯಿ ಹೇಗೂ ತಿಂಗಳುಗಟ್ಟಲೆ ಕೆಡದೆ ಇರುತ್ತದೆ, ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಜಂತಿಗೆ ತೂಗಿಸಿಟ್ಟಿದ್ದೇನೆ. ಉಳಿದದ್ದನ್ನು ನೆರೆಮನೆಗೆಲ್ಲ ಹಂಚಿ, ಮಿಕ್ಕಿದ್ದನ್ನು ದನಕ್ಕೆ ಹಾಕುವುದು. ಏಪ್ರಿಲ್ಲಿಗೆಂದು ಮತ್ತೆ ಬಿತ್ತಿದ್ದೇನೆ. ಬೇಸಗೆಯ ಬೆಳೆಯೆಂದರೆ ನೀರು ಹೊರುವ ಕೆಲಸ. ಬಾವಿ ಈಗಲೇ ಇಳಿಯುತ್ತಿದೆ.

ಅಡಚಣೆ ಎಂದರೆ ಏನು? ಯಾರಿಗಾದರೂ ಹುಷಾರಿಲ್ಲವೇ? ಸೂತಕವೇ? ಅಡಚಣೆಗೆ ಒಂದು ಹೆಸರಿರುತ್ತದೆ. ಅದನ್ನು ಬರೆ.

ಅಕ್ಕ

•

ಭಟ್ಕಳ
ತಾ. ೧೭-೩-೧೯೬೪

ಅಕ್ಕನಿಗೆ ನಮಸ್ಕಾರ.

ಕಚೇರಿಯಲ್ಲಿ ವರ್ಷದ ಕೊನೆಯ ಕೆಲಸ, ಬರೆಯಲು ತಡವಾಯಿತು. ಅಡಚಣೆ ಎಂದರೆ ಮನೆಯ ಸಣ್ಣಪುಟ್ಟ ತಾಪತ್ರಯ, ಅಷ್ಟೇ. ನೀನು ಅದನ್ನು ಹಿಡಿದು ಎಳೆಯಬೇಡ.

ಮೊನ್ನೆ ಇಲ್ಲಿ ಅಕಾಲ ಮಳೆ ಬಿತ್ತು. ಗುಡುಗು, ಗಾಳಿ. ನಮ್ಮ ಹಂಚು ಹಾರಿತು. ಮಾವಳ್ಳಿಯ ಕಡೆ ಕಲ್ಲಂಗಡಿ ಬಳ್ಳಿಯೆಲ್ಲ ನೀರಿನಲ್ಲಿ ನಿಂತಿತ್ತು. ಹಿರೇಗುತ್ತಿಯಲ್ಲಿ ಹೇಗೆ? ತೋಟಕ್ಕೆ ಏನಾದರೂ ಆಯಿತೇ?

ದೇವಪ್ಪ

•

ಹಿರೇಗುತ್ತಿ
ತಾ. ೨೪-೩-೧೯೬೪

ದೇವಪ್ಪ,

ಇಲ್ಲಿ ಹೇಳುವಂಥ ಮಳೆ ಏನಿಲ್ಲ, ನಾಲ್ಕು ಹನಿ. ತೋಟ ಚೆನ್ನಾಗಿದೆ ಎಂದು ಬೀಗರಿಗೆ ಹೇಳು.

ಒಂದು ಮಾತು. ಹೇಗೂ ಅವರಿಗೆ ಅಡಚಣೆ ಎನ್ನುತ್ತಿದ್ದಾರೆ. ಏಪ್ರಿಲ್ ಮೂರನೆಯ ವಾರಕ್ಕಿಂತ ಇನ್ನೂ ಸ್ವಲ್ಪ ಆಚೆ ಹೋದರೂ ನಮ್ಮದೇನೂ ತಕರಾರಿಲ್ಲ. ನಾನು ಹೇಳಿದೆ ಎನ್ನಬೇಡ. ಅವರಾಗಿಯೇ ಕೇಳಿದರೆ ಒಪ್ಪಿಕೋ.

ಅಕ್ಕ

•

ಭಟ್ಕಳ
ತಾ. ೫-೪-೧೯೬೪

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ಓದಿ ನನ್ನ ತಲೆಯ ಮೇಲಿನ ಭಾರ ಇಳಿಯಿತು. ನೀನೇ ಆಚೆ ಹೋಗಲಿ ಎಂದದ್ದು ಒಳ್ಳೆಯದಾಯಿತು. ಅವರಿಗೂ ಅದೇ ಬೇಕಿತ್ತು. ಮೇ ತಿಂಗಳ ಕೊನೆಗೆ ಎಂದು ಮಾತಾಗಿದೆ.

ಕುಪ್ಪ ಗೌಡರು ಇನ್ನೊಂದು ಮಾತು ಹೇಳಿದರು. ಹಿಂದೆ ಮಾತಾಡಿದಷ್ಟು ದೊಡ್ಡ ಊಟ ಬೇಡವಂತೆ. ದೇವಸ್ಥಾನದಲ್ಲಿ ಧಾರೆ ಮುಗಿಸಿ, ಪಾನಕ ಕೊಟ್ಟು, ಹೆಣ್ಣನ್ನು ಕರೆದುಕೊಂಡು ಹೋಗುತ್ತಾರಂತೆ. ಪಂಕ್ತಿ ಕೂರಿಸುವ ತೊಂದರೆ ನಿಮಗೂ ಬೇಡ ಎಂದರು. ಯೋಚಿಸಿ ನೋಡಿದರೆ ನಿನಗೂ ಇದೇ ಅನುಕೂಲ. ಈ ಬಿಸಿಲಿನಲ್ಲಿ ನೀರು ಹೊರುವುದು ತಪ್ಪುತ್ತದೆ.

ದೇವಪ್ಪ

•

ಹಿರೇಗುತ್ತಿ
ತಾ. ೧೫-೪-೧೯೬೪

ದೇವಪ್ಪ,

ಯುಗಾದಿಯ ದಿನ ನಿನ್ನ ಕಾಗದ ಬಂತು. ಬೇವನ್ನು ಬೇರೆ ತಿನ್ನಬೇಕಾಗಲಿಲ್ಲ.

ಈಗ ನಿಜ ಹೇಳುತ್ತೇನೆ. ಮಾರ್ಚಿನಲ್ಲಿ ಬಿದ್ದದ್ದು ನಾಲ್ಕು ಹನಿಯಲ್ಲ. ಒಂದು ರಾತ್ರಿಯಲ್ಲಿ ಗದ್ದೆ ಕೆರೆಯಾಗಿತ್ತು. ಎರಡನೆಯ ಸಲ ಬಿತ್ತಿದ ಸಸಿ ಬೇರು ಕೊಳೆತು ಸತ್ತವು. ಹಳೆಯ ಬದನೆ ಗಿಡ ಗಾಳಿಗೆ ಮಗುಚಿದವು. ನಾನು ಹೇಳದೆ ಇದ್ದದ್ದು ಯಾಕೆಂದರೆ, ಮದುವೆ ತಳ್ಳುವವರಿಗೆ ನನ್ನ ತೋಟ ಒಂದು ನೆವ ಆಗಬಾರದು ಎಂದು. ಮತ್ತೆ ಸಾಲು ಹೊಡೆದು ಮೂರನೆಯ ಸಲ ಬಿತ್ತಿದೆವು, ಅದಕ್ಕೆ ದಿನ ಬೇಕೆಂದೇ ಮದುವೆ ಆಚೆ ಹೋದರೂ ತಕರಾರಿಲ್ಲ ಎಂದು ಬರೆದದ್ದು. ಮಳೆಯ ಬೆನ್ನಿಗೇ ಮೂಡಣದ ಬಿಸಿಗಾಳಿ ಬಂತು, ಎಲೆಯ ಅಂಚು ಸುಟ್ಟುಹೋಯಿತು. ಹಗಲು ತೆಂಗಿನ ಮಡಲು ಹೊದೆಸಿ ಸಂಜೆ ತೆಗೆಯುತ್ತೇವೆ. ಏತಕ್ಕೆ ನೀರು ಸಿಗುವುದಿಲ್ಲ, ನಾನೂ ದುರ್ಗಿಯೂ ಕೆಳಗಿನ ಹೊಂಡದಿಂದ ಕೊಡದಲ್ಲಿ ಹೊರುತ್ತೇವೆ. ನಿನ್ನ ಭಾವ ಕೂಡ "ನೋಡ್ವ" ಎನ್ನುವುದನ್ನು ಬಿಟ್ಟು ಕಾವಡಿ ಹೊತ್ತಿದ್ದಾರೆ. ಇಷ್ಟು ಮಾಡಿ ಬಳ್ಳಿಯನ್ನು ಜೀವಂತ ಇಟ್ಟುಕೊಂಡ ಮೇಲೆ, ಊಟವೇ ಬೇಡ, ಪಾನಕ ಸಾಕು ಎನ್ನುತ್ತಾರೆ.

ನನ್ನ ಮನೆಯ ಅನ್ನಕ್ಕೆ ಅವರಿಗೇನು ಬಂದಿದೆ? ಒಮ್ಮೆ ಅಡಚಣೆ, ಒಮ್ಮೆ ಪಂಚಾಂಗ, ಈಗ ತೊಂದರೆ ಬೇಡ ಎಂಬ ದೊಡ್ಡ ಮಾತು. ನನಗೆ ಅರ್ಥವಾಗಿದೆ. ಅವರ ಕಣ್ಣಿಗೆ ಬೇರೆ ಯಾವುದೋ ಹೆಣ್ಣು ಬಿದ್ದಿದೆ. ಬಾಯಿ ಬಿಟ್ಟು ಹೇಳುವ ಧೈರ್ಯವಿಲ್ಲ, ನಾವೇ ಬೇಡ ಎನ್ನಲಿ ಎಂದು ಕಾಯುತ್ತಿದ್ದಾರೆ. ನೀನು ಹತ್ತಿರವೇ ಇದ್ದು ಕಣ್ಣು ಮುಚ್ಚಿ ಕೂತಿದ್ದೀಯ.

ಇನ್ನು ಕಾಗದ ಬರೆದು ಪ್ರಯೋಜನವಿಲ್ಲ. ನಾನೇ ಮಾವಳ್ಳಿಗೆ ಹೋಗುತ್ತೇನೆ.

ಸಣ್ಣಮ್ಮ

•

ಭಟ್ಕಳ
ತಾ. ೨೦-೪-೧೯೬೪

ಅಕ್ಕ,

ಕೈಮುಗಿದು ಕೇಳುತ್ತೇನೆ, ಅವಸರ ಮಾಡಬೇಡ. ಬೇರೆ ಹೆಣ್ಣು ಇಲ್ಲ, ಏನೂ ಇಲ್ಲ. ನಾನು ಮೇ ಮೊದಲ ವಾರ ರಜೆ ಹಾಕಿ ಬರುತ್ತೇನೆ, ಎದುರು ಕೂತು ಎಲ್ಲ ಹೇಳುತ್ತೇನೆ. ಅಲ್ಲಿಯವರೆಗೆ ಮಾವಳ್ಳಿಗೆ ಹೋಗಬೇಡ. ದುರ್ಗಿಯ ಹತ್ತಿರ ಏನೂ ಆಡಬೇಡ.

ದೇವಪ್ಪ

•

ಹಿರೇಗುತ್ತಿ
ತಾ. ೨೭-೪-೧೯೬೪

ದೇವಪ್ಪ,

ನೀನು ಹೋಗಬೇಡ ಎಂದು ಬರೆದ ಕಾಗದ ಇವತ್ತು ಬಂತು. ನಾನು ಹೋಗಿ ಬಂದು ಮೂರು ದಿನವಾಯಿತು.

ಎಲ್ಲ ಕ್ರಮವಾಗಿ ಹೇಳುತ್ತೇನೆ, ನೀನು ಕೂತು ಓದು. ನಸುಕಿಗೆ ಹೊರಟು, ಕುಮಟೆಯಿಂದ ಬಸ್ಸಿನಲ್ಲಿ ಹೊನ್ನಾವರ, ಅಲ್ಲಿ ಲಾಂಚಿನಲ್ಲಿ ಹೊಳೆ ದಾಟಿ ಮತ್ತೆ ಬಸ್ಸು. ಮಾವಳ್ಳಿ ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಬುಟ್ಟಿಯಲ್ಲಿ ಒಂದು ಮೊಗೆಕಾಯಿ ಇತ್ತು. ಜಗಳಕ್ಕೆ ಹೋಗುವುದಾದರೂ ಬೀಗರ ಮನೆಗೆ ಬರಿಗೈಯಲ್ಲಿ ಹೋಗುವುದು ಹೇಗೆ?

ಗಣಪಿ ಬಾಗಿಲಲ್ಲಿದ್ದಳು. ನನ್ನನ್ನು ಕಂಡದ್ದೇ ಸೆರಗು ಬಾಯಿಗೆ ಹಿಡಿದು ಅಳತೊಡಗಿದಳು. ನಾನು ಕಲಿತುಕೊಂಡು ಹೋದ ಜಗಳದ ಮಾತೆಲ್ಲ ಅಲ್ಲಿಗೇ ಬಿಟ್ಟೆ. ಏನಾಯಿತು ಎಂದು ಕೇಳಿದರೆ ಹಿತ್ತಲಿಗೆ ಕೈ ತೋರಿಸಿದಳು. ಅಲ್ಲಿ ಸುಬ್ಬ ಎಡಗೈಯಲ್ಲಿ ಬಿಂದಿಗೆ ಹಿಡಿದು ಬಸಳೆ ಬಳ್ಳಿಗೆ ನೀರು ಹಾಕುತ್ತಿದ್ದ. ನನ್ನನ್ನು ನೋಡಿದವನು ಬಲಗೈಯನ್ನು ಬೆನ್ನ ಹಿಂದೆ ಮಾಡಿಕೊಂಡ. ನಾನು ಕಂಡಾಗಿತ್ತು. ಹೆಬ್ಬೆರಳು ಇದೆ, ಅದರ ಪಕ್ಕದ್ದು ಇದೆ. ಉಳಿದ ಮೂರು ಬೆರಳು ಇಲ್ಲ.

ಫೆಬ್ರವರಿಯಲ್ಲಿ ಆದದ್ದಂತೆ. ಮಿಲ್ಲಿನಲ್ಲಿ ದಿಮ್ಮಿಯನ್ನು ಗರಗಸಕ್ಕೆ ತಳ್ಳುವಾಗ ಕೈ ಜಾರಿತಂತೆ. ನಿನಗೆ ಆ ವಾರವೇ ಗೊತ್ತು. ನೀನು ಆಸ್ಪತ್ರೆಗೆ ಹೋಗಿ ನೋಡಿ ಬಂದು, ಆಮೇಲೆ ನನಗೆ ಸಣ್ಣ ಬದಲಾವಣೆ ಎಂದು ಬರೆದೆ.

ಉಣ್ಣಲು ಕೂರಿಸಿದರು. ಸುಬ್ಬ ಬರಲಿಲ್ಲ. ಕುಪ್ಪ ಗೌಡರು ತಲೆ ಎತ್ತದೆ ಉಂಡು ಎದ್ದರು. ಆಮೇಲೆ ಗಣಪಿ ಹೇಳಿದಳು. ಅವನು ಎಲ್ಲರ ಊಟ ಮುಗಿದ ಮೇಲೆ ಒಬ್ಬನೇ ಹಿಂದಿನ ಜಗಲಿಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಉಣ್ಣುತ್ತಾನೆ. ಹೆತ್ತವಳಿಗೂ ನೋಡಲು ಬಿಡುವುದಿಲ್ಲ. ಅನ್ನ ಕಲಸಲು ಬರುವುದಿಲ್ಲ, ತುತ್ತು ಕೈಯಿಂದ ಉದುರುತ್ತದೆ. "ಮದ್ವೆ ದಿವ್ಸ ಪಂಕ್ತಿಲಿ ಕೂತು ಎಲ್ರ ಎದ್ರಿಗೆ ಉಣ್ಬೇಕಲ್ಲ, ಅದೇ ಹೆದ್ರಿಕೆ ಅವಂಗೆ" ಎಂದಳು. ಕೈ ಸ್ವಲ್ಪ ಪಳಗಲಿ ಎಂದು ತಾರೀಖು ತಳ್ಳಿದ್ದಂತೆ. ಪಳಗುವ ಹಾಗೆ ಕಾಣದಿದ್ದಾಗ ಪಾನಕ ಸಾಕು ಎಂದದ್ದಂತೆ. ನಾನು ಅವನ ಎದುರು ಎಲೆ ತುಂಬಬೇಕೆಂದು ಇಲ್ಲಿ ನೀರು ಹೊರುತ್ತಿದ್ದೆ. ಅವನು ಅಲ್ಲಿ ಆ ಎಲೆಗೇ ಹೆದರಿ ಕೂತಿದ್ದ.

ನಾನು ಹಿತ್ತಲಿಗೆ ಹೋದೆ. ಅವನು ಎದ್ದು ನಿಂತ. ಸಿಟ್ಟು ಇನ್ನೂ ಇಳಿದಿರಲಿಲ್ಲ, ಬಾಯಿಗೆ ಬಂದದ್ದು ಇದು: "ನಿನ್ನ ಕೈ ಮೇಲೆ ನಂಗೆ ಸಿಟ್ಟಿಲ್ಲ. ಎರ್ಡು ಸಲ ಬೆಳ್ದು ಎರ್ಡು ಸಲ ಕಳ್ಕಂಡೆ. ಒಂದು ಮಾತು ಹೇಳೂಕೆ ಎಂತಾಗಿತ್ತು?"

"ಹೇಳಿದ್ರೆ ನೀವು ಹೆಣ್ಣು ಕೊಡೂದಿಲ್ಲ ಅಂತಿದ್ರಿ."

"ಅದು ನಿಂಗೆ ಹ್ಯಾಂಗೆ ಗೊತ್ತು?"

ಅವನು ಎಡಗೈಯಲ್ಲಿ ಬಿಂದಿಗೆ ಎತ್ತಿಕೊಂಡು ಬಸಳೆಯ ಕಡೆಗೆ ತಿರುಗಿದ.

ಆದರೆ ನಿನಗೆ ಸುಳ್ಳು ಹೇಳುವುದಿಲ್ಲ, ದೇವಪ್ಪ. ತಿರುಗಿ ಬರುವಾಗ ಲಾಂಚಿನಲ್ಲಿ ಕೂತು ನಾನೂ ಅದನ್ನೇ ಯೋಚಿಸಿದೆ. ಬಲಗೈ ನೆಟ್ಟಗಿಲ್ಲದವನು ನೇಗಿಲು ಹೇಗೆ ಹಿಡಿಯುತ್ತಾನೆ, ನನ್ನ ಮಗಳನ್ನು ಹೇಗೆ ಸಾಕುತ್ತಾನೆ? ಆಚೆ ದಡ ಮುಟ್ಟುವಷ್ಟರಲ್ಲಿ ಈ ಸಂಬಂಧ ಬೇಡ ಎಂದು ಗಟ್ಟಿ ಮಾಡಿಕೊಂಡಿದ್ದೆ.

ಮನೆಗೆ ಬಂದು ದುರ್ಗಿಗೆ ಹೇಳಿದೆ. ಅವಳು ಮಡಲು ತೆಗೆಯುತ್ತಿದ್ದಳು. ಪೂರಾ ಕೇಳಿ, ಎಲ್ಲರಿಗೂ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ ಎಂದಳು. ಆ ರಾತ್ರಿ ಉಣ್ಣಲಿಲ್ಲ. ಮಾರನೇ ದಿನ ಬೆಳಿಗ್ಗೆ ಹೊಂಡದ ಹತ್ತಿರ ಕೊಡ ಇಳಿಸಿ ಅವಳೇ ಮಾತೆತ್ತಿದಳು.

"ಅವ್ರು ನನ್ನ ಬ್ಯಾಡ ಅಂದ್ರಾ?"

"ಇಲ್ಲ. ಹಾಂಗೆ ಅನ್ಲಿಲ್ಲ."

"ಹಾಂಗಾರೆ ನಾನೂ ಅನ್ನೂದಿಲ್ಲ."

ನೀರು ಹೊರುವ ಕಷ್ಟ ಈಗ ಇಬ್ಬರು ಸೇರಿ ಮಾಡುತ್ತೇವೆ, ಅಲ್ಲಿ ಹೋದರೆ ನೀನೊಬ್ಬಳೇ ಎರಡಾಳಿನ ಕೆಲಸ ಮಾಡಬೇಕಾದೀತು ಎಂದೆ. ಎರಡು ವರ್ಷ ಹಿಂದೆ ಏತದ ಕಂಬ ಬಿದ್ದು ಅಪ್ಪ ಮಲಗಿದ್ದಾಗ ನೀನು ಮಾಡಲಿಲ್ಲವೇ ಎಂದು ಕೇಳಿದಳು. ನಿನ್ನ ಭಾವನನ್ನು ಕೇಳಿದೆ. "ಅವ್ಳು ಹೇಳಿದ್ದೇ ಆತು" ಎಂದರು.

ಮದುವೆ ಆಗುತ್ತದೆ. ನಮ್ಮ ಮನೆಯಲ್ಲೇ ಆಗುತ್ತದೆ. ನಿನ್ನ ಮೇಲಿನ ಸಿಟ್ಟು ಬೇರೆ, ಅದು ಹಾಗೆಯೇ ಇರುತ್ತದೆ.

ಸಣ್ಣಮ್ಮ

•

ಭಟ್ಕಳ
ತಾ. ೪-೫-೧೯೬೪

ಅಕ್ಕ,

ನಿನ್ನ ಕಾಗದವನ್ನು ಬಂಗಾರಿಗೆ ಓದಿ ಹೇಳಿದೆ. ಅವಳು ನನ್ನನ್ನು ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ, ನೀನು ಬೈದದ್ದಕ್ಕಿಂತ ಹೆಚ್ಚೇ ಇತ್ತು.

ಆಸ್ಪತ್ರೆಯಲ್ಲಿ ಸುಬ್ಬ ನನ್ನ ಅಂಗಿ ಹಿಡಿದುಕೊಂಡು, ಅಲ್ಲಿಗೆ ಹೇಳಬೇಡಿ, ಗಾಯ ಮಾಯಲಿ, ನಾನೇ ಹೋಗಿ ಹೇಳುತ್ತೇನೆ ಎಂದಿದ್ದ. ಒಪ್ಪಿಕೊಂಡೆ. ಆಮೇಲೆ ಪ್ರತಿ ಸಲ ಬರೆಯಲು ಕೂತಾಗಲೂ, ನಿನ್ನ ಕಾಗದದಲ್ಲಿ ಬರೀ ಅಲಸಂದೆ, ಬದನೆ. ಇವಳಿಗೆ ತೋಟದ್ದೇ ಲೋಕ, ಈ ಸುದ್ದಿ ಕೇಳಿದರೆ ಮದುವೆಯನ್ನೂ ಹಾಗೆಯೇ ಕಿತ್ತು ಎಸೆಯುತ್ತಾಳೆ ಎಂದುಕೊಂಡೆ. ಅದು ನನ್ನ ತಿಳುವಳಿಕೆಯ ಸೋಲು.

ಮೇ ಇಪ್ಪತ್ತನಾಲ್ಕು, ರವಿವಾರ ಎಂದು ಗೊತ್ತಾಗಿದೆ. ಸುಬ್ಬ ಇನ್ನು ಮಿಲ್ಲಿಗೆ ಹೋಗುವುದಿಲ್ಲ, ತಂದೆಯ ಜೊತೆ ಗದ್ದೆ ಮಾಡುತ್ತಾನೆ. ಊಟದ ವಿಷಯ ನೀನು ಹೇಳಿದಂತೆ. ಆದರೆ ಮೇ ಕೊನೆಯೆಂದರೆ ಮಳೆ ಹತ್ತಿರ, ಚಪ್ಪರ ಗಟ್ಟಿ ಹಾಕಿಸು. ರೇಡಿಯೋದವರು ಏನನ್ನುತ್ತಾರೆಂದು ನಾನು ಕೇಳಿಲ್ಲ. ಕೇಳುವುದನ್ನು ಬಿಟ್ಟಿದ್ದೇನೆ.

ದೇವಪ್ಪ

•

ಹಿರೇಗುತ್ತಿ
ತಾ. ೧೨-೫-೧೯೬೪

ದೇವಪ್ಪ,

ತೋಟದ್ದೇ ಲೋಕ ಎಂದು ನೀನು ತಿಳಿದದ್ದರಲ್ಲಿ ಪೂರ್ತಿ ತಪ್ಪಿಲ್ಲ, ನಾನು ಬರೆದದ್ದೂ ಹಾಗೆಯೇ ಇತ್ತು. ಅದಿರಲಿ.

ಮೊನ್ನೆ ಆಲಿಕಲ್ಲು ಬಿತ್ತು. ನಗಬೇಡ, ನಿಜವಾಗಿ ಬಿತ್ತು. ಈ ಊರಿನಲ್ಲಿ ನಾನು ಆಲಿಕಲ್ಲು ನೋಡಿದ್ದು ಇದೇ ಮೊದಲು. ಬೆಂಡೆ ಹೋಯಿತು, ಬದನೆಯಲ್ಲಿ ನಾಲ್ಕೈದು ಗಿಡ ನಿಂತಿವೆ. ಮೂರನೆಯ ಅಲಸಂದೆ ಮಡಲಿನ ಕೆಳಗೆ ಇದ್ದದ್ದರಿಂದ ಉಳಿಯಿತು. ಹರಿವೆ ಹರಿದು ಜರಡಿಯಂತಾಗಿದೆ, ಕೊಚ್ಚಿ ಪಲ್ಯ ಮಾಡಿದರೆ ಯಾರಿಗೂ ತಿಳಿಯುವುದಿಲ್ಲ. ಮಾಡಿಗೆ ತೂಗಿಸಿದ ಮೊಗೆಕಾಯಿ ಇದೆ. ಐದು ಬಗೆ ಮಾಡಬೇಕೆಂದಿದ್ದೆ, ಮೂರು ಆಗುತ್ತದೆ. ನನಗೆ ಸಾಕು. ಇನ್ನು ಈ ಆಕಾಶದ ಹತ್ತಿರ ಏನನ್ನೂ ಕೇಳುವುದಿಲ್ಲ.

ಸುಬ್ಬನಿಗೆ ಹೇಳು, ಪಂಕ್ತಿಯಲ್ಲಿ ಕೂರಲೇಬೇಕೆಂದು ನನ್ನ ಒತ್ತಾಯವಿಲ್ಲ. ಒಳಗೆ ಕೋಣೆಯಲ್ಲಿ ಎಲೆ ಹಾಕಿಸುತ್ತೇನೆ, ದುರ್ಗಿ ಇರುತ್ತಾಳೆ, ಯಾರೂ ಬರುವುದಿಲ್ಲ. ಅವನಿಗೆ ಹೇಗೆ ಬೇಕೋ ಹಾಗೆ.

ಅಕ್ಕ

•

ಹಿರೇಗುತ್ತಿ
ತಾ. ೨೬-೫-೧೯೬೪

ತಮ್ಮ ದೇವಪ್ಪನಿಗೆ,

ಮದುವೆಯ ದಿನ ನೀನು ಒದ್ದೆ ಬಟ್ಟೆಯಲ್ಲೇ ಹೋದೆ, ಜ್ವರ ಬಂದಿಲ್ಲ ತಾನೇ? ಬಸ್ಸು ತಪ್ಪೀತೆಂದು ಗೊಣಗುತ್ತ ಹೋದವನಿಗೆ ಒಂದು ಮಾತು ಹೇಳಬೇಕಿತ್ತು. ಆ ಗಲಾಟೆಯಲ್ಲಿ ಆಗಲಿಲ್ಲ.

ಮೊದಲು ಇದನ್ನು ಕೇಳು. ಇವತ್ತು ಆಕಾಶದಲ್ಲಿ ಒಂದು ಮೋಡವಿಲ್ಲ. ನಿನ್ನೆಯೂ ಇರಲಿಲ್ಲ. ಮೊನ್ನೆ ಧಾರೆ ಮುಗಿದು ಎಲೆ ಹಾಕುವ ಹೊತ್ತಿಗೆ ಆ ಗಾಳಿ, ಆ ಮಳೆ ಎಲ್ಲಿಂದ ಬಂತು? ಎಲ್ಲಿಗೆ ಹೋಯಿತು? ನಿನ್ನ ಭಾವ ಬೆಳಿಗ್ಗೆ ಅಂಗಳದಲ್ಲಿ ನಿಂತು ಮೇಲೆ ನೋಡಿ, ಈಗ ಬಿತ್ತಿದರೆ ಚೆನ್ನಾಗಿತ್ತು ಎಂದರು. ನಾನು ಅವರಿಗೆ ಚಹಾ ಕೊಡಲಿಲ್ಲ.

ಈಗ ಹೇಳಬೇಕಾದ್ದು. ನೀನೂ ಗಂಡಸರೂ ಹೊರಗೆ ಚಪ್ಪರದ ಕಂಬ ಹಿಡಿದು ನಿಂತಿದ್ದಿರಿ. ಚಪ್ಪರದಲ್ಲಿ ಹಾಕಿದ ಎಲೆಯೆಲ್ಲ ಹಾರಿಹೋಗಿ, ಮೊದಲ ಪಂಕ್ತಿಯನ್ನು ಒಳಗೆ ಜಗಲಿಯಲ್ಲಿ ಕೂರಿಸಿದೆವು. ಸುಬ್ಬನಿಗೆಂದು ನಾನು ಕೋಣೆಯಲ್ಲಿ ಬೇರೆ ಎಲೆ ಹಾಕಿಸಿದ್ದೆ. ಆದರೆ ಮಳೆಗೆ ಒಳಗೆ ಓಡಿಬಂದ ಹೆಂಗಸರು ಮಕ್ಕಳಿಂದ ಆ ಕೋಣೆ ಕಾಲಿಡಲು ಜಾಗವಿಲ್ಲದಂತೆ ತುಂಬಿತ್ತು. ಅವನು ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದ. ಸ್ವಲ್ಪ ತಡೆ, ಎಲ್ಲರನ್ನೂ ಎಬ್ಬಿಸುತ್ತೇನೆ ಎಂದೆ. ಬೇಡ ಎಂದು ಹೇಳಿ ಹೋಗಿ, ಪಂಕ್ತಿಯ ನಡುವೆ ನಿನ್ನ ಭಾವನ ಪಕ್ಕದಲ್ಲಿ ಕೂತ.

ನಾನು ಅನ್ನ ಬಡಿಸಿದೆ. ಅವನು ಬಲಗೈಯನ್ನೇ ಎಲೆಯ ಮೇಲೆ ತಂದ. ಹೆಬ್ಬೆರಳು, ತೋರುಬೆರಳು, ಅಂಗೈ ಸೇರಿಸಿ ಅನ್ನ ಕಲಸಿದ. ಮೊದಲ ತುತ್ತು ಉದುರಿತು. ಎದುರು ಕೂತ ನೆರೆಮನೆಯ ಮುದುಕ ಜಟ್ಟ ನೋಡಿದ, ನೋಡಿ ತನ್ನ ಎಲೆಗೆ ತಲೆ ಬಗ್ಗಿಸಿದ. ಸುಬ್ಬ ನಿಧಾನ ಉಂಡ. ಬಹಳ ನಿಧಾನ. ಉಳಿದವರ ಎಲೆ ಬರಿದಾದಾಗ ಅವನದ್ದು ಅರ್ಧವೂ ಆಗಿರಲಿಲ್ಲ.

ನೀನು ಹೊರಗಿನಿಂದ ಎರಡು ಸಲ ಕೂಗಿದೆ, "ಎದ್ದಾತೆ? ಇಲ್ಲಿ ನೆನ್ದು ಸಾಯ್ತಿದ್ದೇವೆ" ಎಂದು. ನಾನು ಕೇಳಿದರೂ ಕೇಳದಂತೆ ಇದ್ದೆ. ಯಾರೂ ಏಳದೆ ಇದ್ದದ್ದು ಯಾಕೆಂದು ಈಗ ಕೇಳು. ಎಲ್ಲರೂ ಎಂಜಲು ಕೈಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಕೈ ಒಣಗಿಸಿಕೊಂಡು, ಮಾಡಿನ ಮೇಲಿನ ಮಳೆಯ ಮಾತಾಡುತ್ತ ಕೂತಿದ್ದರು. ನಿನ್ನ ಭಾವ ಯಾವತ್ತೂ ಇಲ್ಲದೆ ಮೂರು ವರ್ಷ ಹಿಂದಿನ ನೆರೆಯ ಕತೆ ಹೇಳಲು ಸುರು ಮಾಡಿದರು. ನಾನು ಮೊಗೆಕಾಯಿ ಹುಳಿಯ ಪಾತ್ರೆ ಹಿಡಿದು ಸಾಲಿನಲ್ಲಿ ಬಂದೆ. ಎಲ್ಲರೂ ಸಾಕು ಎಂದು ಕೈ ಅಡ್ಡ ಹಿಡಿದರು. ಸುಬ್ಬ ತಲೆ ಎತ್ತಿದ.

"ನಂಗೆ ಇನ್ನೊಂದು ಸೌಟು ಹಾಕಿ, ಅತ್ತೆ."

ಹಾಕಿದೆ. ಅವನು ಅದನ್ನೂ ಅಷ್ಟೇ ನಿಧಾನಕ್ಕೆ ಉಂಡ. ಅವನು ಮುಗಿಸುವವರೆಗೆ ಪಂಕ್ತಿಯಲ್ಲಿ ಒಬ್ಬರೂ ಏಳಲಿಲ್ಲ.

ನಿನ್ನ ಅಕ್ಕ
ಸಣ್ಣಮ್ಮ